ಕನ್ನಡದಲ್ಲಿ ಪಾಸಾದ ಇಂಗ್ಲಿಷ್ ಪಿಎಚ್.ಡಿ. ಪರೀಕ್ಷೆ

ಧಾರವಾಡದಲ್ಲಿ ಎಂ.ಎ. ಮುಗಿಸಿ ಇಲ್ಲಿ ಅಮೆರಿಕದ ಒಹಾಯೋದಲ್ಲಿ ಇಂಗ್ಲಿಷ್ ಪಿಎಚ್.ಡಿ.ಗೆ ಸೇರಿದ ವಾರ ನಾನು ಕೇಳಿದ ಮೊದಲ ಪ್ರಶ್ನೆ, "ನನ್ನ ಗೈಡ್ ಯಾರು?" ಅಂತ. "ಅದಕ್ಕಿನ್ನೂ ಎರಡು ವರ್ಷ ಇದೆ" ಅಂದರು ಆಫೀಸಿನವರು. ನಮ್ಮಲ್ಲಿ ಗೈಡ್ ಸಿಕ್ಕರೇನೇ ಪಿಎಚ್.ಡಿ. ಇಲ್ಲಿ ಮೊದಲು ಎರಡು ವರ್ಷ ಕ್ಲಾಸು, ಜೊತೆಗೆ ಸ್ಟೈಪೆಂಡಿಗಾಗಿ ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವ ಕೆಲಸ. ಆಮೇಲೆ ಪುಸ್ತಕಗಳ ಉದ್ದನೆಯ ಪಟ್ಟಿ ಓದಿ ದೊಡ್ಡ ಪರೀಕ್ಷೆ. ಥೀಸಿಸ್, ಅದನ್ನು ನೋಡುವ ಪ್ರೊಫೆಸರುಗಳ ಸಮಿತಿ ಎಲ್ಲ ಆಮೇಲಿನ ಮಾತು. ಅಲ್ಲಿವರೆಗೆ ನಮಗೆಲ್ಲ ಒಬ್ಬರೇ ದಿಕ್ಕು, ವಿಭಾಗದ ಗ್ರಾಜುಯೇಟ್ ಡೈರೆಕ್ಟರ್. ಅವರೂ ನಮಗೆ ಪಾಠ ಮಾಡುವ ಪ್ರೊಫೆಸರೇ.

ಅವರು ತಾವಾಗಿ ಕರೆದು ಬುದ್ಧಿ ಹೇಳುತ್ತಾರೆ ಅಂತ ನಾನು ಕಾಯುತ್ತಾ ಕೂತೆ. ಅದೇ ತಪ್ಪಾಯಿತು. ಎರಡನೇ ಸೆಮಿಸ್ಟರಿನಲ್ಲಿ ಸಾಹಿತ್ಯದ ಥಿಯರಿ ಕ್ಲಾಸು ತಲೆಗೆ ಹತ್ತಲಿಲ್ಲ. ಸುಮ್ನೆ ಬಿಟ್ಟುಬಿಡೋಣ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಅದೃಷ್ಟಕ್ಕೆ ಕಾರಿಡಾರಿನಲ್ಲಿ ಡೈರೆಕ್ಟರ್ ಮೇಡಂ ಸಿಕ್ಕರು, ಹೇಳಿದೆ. ಅವರು ಅಲ್ಲೇ ನಿಂತುಬಿಟ್ಟರು. "ನಿನಗಿರುವುದೇ ಒಂಬತ್ತು ಕ್ರೆಡಿಟ್. ಮೂರು ಬಿಟ್ಟರೆ ಫುಲ್ ಟೈಮ್ ಅಲ್ಲ, ವೀಸಾಕ್ಕೇ ತೊಂದರೆ" ಅಂದರು. ಹಾಗೆ ಕಡಿಮೆ ಮಾಡಬೇಕಾದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನ ಒಪ್ಪಿಗೆ ಮೊದಲೇ ಬೇಕಂತೆ. ಆಮೇಲೆ ಕ್ಲಾಸಿನ ಪ್ರೊಫೆಸರ್ ಜೊತೆ ಮಾತಾಡಿ 'ಇನ್‌ಕಂಪ್ಲೀಟ್' ಅನ್ನುವ ತಾತ್ಕಾಲಿಕ ಗ್ರೇಡ್ ಕೊಡಿಸಿದರು. ಕ್ಲಾಸು ಉಳಿಯಿತು, ಕೊನೆಯ ಪೇಪರ್ ಬರೆಯಲು ಬೇಸಿಗೆವರೆಗೆ ಟೈಮ್ ಸಿಕ್ಕಿತು.

ಆ ರಾತ್ರಿ ಕೂತು ವಿಭಾಗದ ಹ್ಯಾಂಡ್‌ಬುಕ್ ಪೂರ್ತಿ ಓದಿದೆ. ಇಲ್ಲಿಗೆ ಬರುವ ತಯಾರಿಯಲ್ಲಿರುವವರು ವಿಮಾನ ಹತ್ತುವ ಮೊದಲೇ ಓದಿ. ನೀವು ಸೇರಿದ ವರ್ಷದ್ದನ್ನೇ ಇಟ್ಟುಕೊಳ್ಳಿ, ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ಅದೇ. ಎಷ್ಟು ವರ್ಷ ಸ್ಟೈಪೆಂಡ್ ಅನ್ನುವ ಪುಟದ ಮೇಲೆ ಕಣ್ಣಿರಲಿ.

ಭಾಷಾ ಪರೀಕ್ಷೆಯ ಪುಟ ನನ್ನ ಕಣ್ಣಿಗೆ ಬಿದ್ದಿದ್ದೂ ಅವತ್ತೇ. ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆ ಓದಲು ಬರಬೇಕು. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಂತ ಬರೆದು, ಕೆಳಗೆ ಚಿಕ್ಕದಾಗಿ 'ಸಂಶೋಧನೆಗೆ ಬೇಕಾದ ಬೇರೆ ಭಾಷೆಗೆ ಅರ್ಜಿ ಹಾಕಬಹುದು' ಅಂತಿತ್ತು. ನನ್ನ ಕೆಲಸ ಅನುವಾದದ ಮೇಲೆ. ಒಂದು ಪುಟದ ಅರ್ಜಿ ಬರೆದೆ. ಕನ್ನಡ ಯಾಕೆ ಬೇಕು ಅಂತ ಕನ್ನಡ ಗೊತ್ತಿಲ್ಲದವರಿಗೆ ವಿವರಿಸುವಾಗ, ನನ್ನ ಥೀಸಿಸ್ ಏನು ಅನ್ನುವುದು ನನಗೇ ಮೊದಲ ಸಲ ಸ್ಪಷ್ಟವಾಯಿತು.

ಒಪ್ಪಿಗೆ ಸಿಕ್ಕಿತು. ಪೇಪರ್ ನೋಡಲು ಬೇರೆ ಊರಿನ ಕನ್ನಡ ಬಲ್ಲ ಪ್ರೊಫೆಸರ್ ಒಬ್ಬರನ್ನು ಮೇಡಮ್ಮೇ ಹುಡುಕಿದರು. ಎರಡು ಗಂಟೆ, ಒಂದು ಕನ್ನಡ ಕಥೆಯ ಒಂದೂವರೆ ಪುಟ ಇಂಗ್ಲಿಷಿಗೆ ಅನುವಾದ, ನಿಘಂಟು ಇಟ್ಟುಕೊಳ್ಳಬಹುದು. ಲೈಬ್ರರಿಯಿಂದ ಕಿಟೆಲ್ ತಂದಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಒಹಾಯೋದ ಮೇಜಿನ ಮೇಲೆ! ಎರಡನೇ ಸಾಲಿನಲ್ಲೇ ಪಡಸಾಲೆ ಬಂತು. ಅರ್ಥಕ್ಕೆ ನನಗೆ ನಿಘಂಟು ಬೇಕಿರಲಿಲ್ಲ. ಅಜ್ಜಿ ಅವಲಕ್ಕಿ ಆರಿಸುತ್ತಾ ಕೂರುತ್ತಿದ್ದ ಜಾಗ ಅದು. ಆದರೆ ವೆರಾಂಡಾ ಅಂದರೆ ಆಗಲಿಲ್ಲ, ಹಾಲ್ ಅಂದರೂ ಆಗಲಿಲ್ಲ. ಕೊನೆಗೆ 'ಪಡಸಾಲೆ' ಅಂತಲೇ ಉಳಿಸಿ ಕೆಳಗೆ ಮೂರು ಸಾಲಿನ ಟಿಪ್ಪಣಿ ಬರೆದೆ.

ಪಾಸಾದೆ. ಈ ವರ್ಷ ನನ್ನ ಜೂನಿಯರ್ ಒಬ್ಬಳು ತೆಲುಗಿಗೆ ಅರ್ಜಿ ಹಾಕುತ್ತಿದ್ದಾಳೆ. ನನ್ನ ಅರ್ಜಿಯ ಪ್ರತಿ ಅವಳ ಹತ್ತಿರ ಇದೆ.