ಕಂಟ್ರೋಲರ್ ದೋಷ ಅಂದರೆ ಡಿಸ್ಕ್ ಸತ್ತಿದೆ ಅಂತಲ್ಲ

ದೊಡ್ಡ ಫೈಲ್ ಕಾಪಿ ಆಗುತ್ತಿದ್ದಾಗ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತಿತು. ಮೌಸ್ ಆಡುತ್ತದೆ, ಮಿಕ್ಕಿದ್ದೇನೂ ಅಲುಗುವುದಿಲ್ಲ. ಅರ್ಧ ನಿಮಿಷದ ಮೇಲೆ ತಾನಾಗಿಯೇ ಓಡತೊಡಗಿತು. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ತೆರೆದರೆ ಕೆಂಪು ಗುರುತಿನ ಈವೆಂಟ್ 11: ಹಾರ್ಡ್‌ಡಿಸ್ಕ್1ರಲ್ಲಿ ಕಂಟ್ರೋಲರ್ (ಡಿಸ್ಕ್ ಜೊತೆ ವ್ಯವಹರಿಸುವ ಮದರ್‌ಬೋರ್ಡ್‌ನ ಭಾಗ) ದೋಷ. ನಡುನಡುವೆ ಹಳದಿ ಗುರುತಿನ 129, ಅಂದರೆ ಡಿಸ್ಕ್ ಉತ್ತರಿಸದೆ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ.

ಎಣಿಕೆ ಸೊನ್ನೆಯಿಂದ ಶುರು. ಹಾರ್ಡ್‌ಡಿಸ್ಕ್1 ಎಂದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೋರಿಸುವ ಡಿಸ್ಕ್ 1, ಅಂದರೆ ಎರಡನೆಯದು. ಇದನ್ನು ನೋಡಿಕೊಳ್ಳದೆ ಕ್ಯಾಬಿನೆಟ್ ಬಿಚ್ಚಬಾರದು. ಕೆಲವೊಮ್ಮೆ ಆ ನಂಬರ್ ಸಿಕ್ಕಿಸಿಟ್ಟ ಪೆನ್‌ಡ್ರೈವ್‌ನದೇ ಆಗಿರುತ್ತದೆ.

ಮೊದಲು ಬ್ಯಾಕಪ್, ಆಮೇಲೆ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ. ಅದರಲ್ಲಿ ಕೇಬಲ್ ದೋಷದ ಲೆಕ್ಕದ ನಂಬರ್ 199. ಆದರೆ ಈ ವಿವರ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ 199 ಎಂದು ಹುಡುಕಿದರೆ ಸಿಗದು, ಅಲ್ಲಿ ಈ ನಂಬರ್‌ಗಳೂ ಅವುಗಳ ಎದುರಿನ ರಾ ಲೆಕ್ಕವೂ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆ): 199 ಅಂದರೆ ಸಿ7. ಕೆಟ್ಟ ಸೆಕ್ಟರ್‌ಗಳನ್ನು (ಡೇಟಾ ಕೂರುವ ಡಿಸ್ಕ್‌ನ ಸಣ್ಣ ಸಣ್ಣ ಖಾನೆಗಳು) ಎಣಿಸುವ 05, ಸಿ5, ಸಿ6 ಮೂರೂ ಈ ಡಿಸ್ಕ್‌ನಲ್ಲಿ ಸೊನ್ನೆ, ಅವುಗಳ ತಂಟೆಯಿಲ್ಲ. ಸಿ7ರ ಎದುರು ಮಾತ್ರ 1ಎ, ಅಂದರೆ 26. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ ಲೆಕ್ಕ ಅದು. ಇಲ್ಲಿ ಡಿಸ್ಕ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸಿ5 ಏರುತ್ತಿದ್ದರೆ ಮಾತು ಬೇರೆ. ಆಗ ಡಿಸ್ಕೇ ಕೆಡುತ್ತಿರಬಹುದು, ಬ್ಯಾಕಪ್ ಮುಗಿಯುವ ತನಕ ವಿಂಡೋಸ್‌ನ ಡಿಸ್ಕ್ ತಪಾಸಣೆ, ಚೆಕ್‌ಡಿಸ್ಕ್, ಓಡಿಸಲೇಬಾರದು.

ಕರೆಂಟ್ ತೆಗೆದು ಕ್ಯಾಬಿನೆಟ್ ಬಿಚ್ಚಿದಾಗ ಡಿಸ್ಕನ್ನು ಮದರ್‌ಬೋರ್ಡ್‌ಗೆ ಸೇರಿಸುವ ಸಾಟಾ ಕೇಬಲ್ ಸೈಡ್ ಪ್ಯಾನೆಲ್‌ಗೆ ಒತ್ತಿ ಕಡ್ಡಿ ಮುರಿದಂತೆ ಮಡಚಿಕೊಂಡಿತ್ತು. ಕನೆಕ್ಟರ್‌ಗೆ ಲಾಕ್ ಕ್ಲಿಪ್ಪೂ ಇಲ್ಲ. ಕ್ಲಿಪ್ ಇರುವ ಗಿಡ್ಡ ಕೇಬಲ್ ಹಾಕಿ, ಪೋರ್ಟ್ ಮಾತ್ರ ಅದೇ ಇಟ್ಟದ್ದು ಬೇಕೆಂದೇ: ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯದು. ಕಂಟ್ರೋಲರೇ ಕೆಡುವುದೂ ಉಂಟು. 2011ರಲ್ಲಿ ಇಂಟೆಲ್ 6 ಸರಣಿಯ ಚಿಪ್‌ಸೆಟ್‌ಗಳ 3 ಗಿಗಾಬಿಟ್ ಪೋರ್ಟ್‌ಗಳಲ್ಲಿ ಕಂಪನಿಯೇ ದೋಷ ಒಪ್ಪಿಕೊಂಡಿತ್ತು. ಆದರೆ ಅದು ಅಪರೂಪ.

ಸಿ7 ಸೊನ್ನೆಗೆ ಇಳಿಯುವುದಿಲ್ಲ, ಏರದಿದ್ದರೆ ಸಾಕು. 40 ಜಿಬಿ ಕಾಪಿ ಮಾಡಿದಾಗ ಅದು 1ಎ ದಾಟಲಿಲ್ಲ, ಆದರೂ 129 ಇನ್ನೊಮ್ಮೆ ಬಂತು, ಜೊತೆಗೆ ‘ಟಿಕ್’ ಸದ್ದು. ಕಂಪ್ಯೂಟರ್ ಆರಿಸದಿದ್ದರೂ ಸ್ಮಾರ್ಟ್ ವಿವರದ ಪವರ್ ಆನ್ ಕೌಂಟ್ (ಡಿಸ್ಕ್ ಆನ್ ಆದ ಸಲಗಳ ಲೆಕ್ಕ) ಒಂದು ಹೆಚ್ಚಿತ್ತು: ಡಿಸ್ಕ್‌ಗೆ ಕರೆಂಟ್ ಕ್ಷಣಮಾತ್ರ ತಪ್ಪಿದೆ. ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ಕರೆಂಟ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ತೆಗೆದು, ಎಸ್‌ಎಂಪಿಎಸ್‌ನ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಾಟಾ ವೈರನ್ನೇ ನೇರ ಕೊಟ್ಟ ಮೇಲೆ ಎರಡೂ ಲೆಕ್ಕ ಅಲ್ಲೇ ನಿಂತವು.

ಹಳೇ ಕೇಬಲ್ಲನ್ನು ಕತ್ತರಿಸಿ ಎಸೆಯಬೇಕು. ಡ್ರಾಯರ್‌ಗೆ ಹಾಕಿದರೆ ಅದು ಇನ್ನೊಂದು ಕಂಪ್ಯೂಟರ್ ಸೇರುತ್ತದೆ.