ಕೊಡಗಿನಲ್ಲಿ ಆಳು ಯಾಕೆ ಸಿಗಲ್ಲ ಅಂತ ಕೇಳುವವರಿಗೆ

ಮದುವೆ ಊಟದ ಪಂಕ್ತಿಯಲ್ಲಿ, ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ತೋಟದ ಯಜಮಾನರದು ಒಂದೇ ಪ್ರಶ್ನೆ: "ಕಾಫಿಗೆ ರೇಟು ಬಂದರೂ ಕೊಡಗಿನಲ್ಲಿ ಆಳು ಯಾಕೆ ಸಿಗಲ್ಲ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಸಿಗಲ್ಲ" ಬಿಡಿ. ಜನ ಅಂಗಡಿ ಸಾಮಾನಲ್ಲ. ಅದರ ಬೆನ್ನಿಗೇ ಬರುವ "ಅಕ್ಕಿ ಫ್ರೀ ಕೊಟ್ಟು ಸೋಮಾರಿ ಮಾಡಿದ್ರು" ಅನ್ನುವ ಮಾತನ್ನೂ ಬಿಡಿ. ರೇಷನ್ ಅಕ್ಕಿಯಿಂದ ಮಕ್ಕಳ ಬಸ್ ಚಾರ್ಜೂ ಹುಟ್ಟುವುದಿಲ್ಲ, ಆಸ್ಪತ್ರೆ ಖರ್ಚೂ ಹುಟ್ಟುವುದಿಲ್ಲ.

ಕೆಲಸ ಯಾವಾಗ ಬರುತ್ತದೆ ನೋಡಿ. ಇಲ್ಲಿ ಬೆಳೆಯುವ ಕಾಫಿಯಲ್ಲಿ ಎರಡು ಜಾತಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ಅದು ಮುಗಿಯುವ ಮೊದಲೇ ರೋಬಸ್ಟಾ ಶುರು, ಮಾರ್ಚ್‌ವರೆಗೂ ಎಳೆಯುತ್ತದೆ. ಅಷ್ಟರಲ್ಲಿ ಮೆಣಸು ಬಿಡಿಸಬೇಕು, ಗಿಡ ಹೂ ಬಿಡಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದೇ ಜಿಲ್ಲೆಯದು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 5,54,519. ಎಲ್ಲರಿಗೂ ಅದೇ ನಾಲ್ಕೈದು ತಿಂಗಳಲ್ಲಿ ಜನ ಬೇಕು.

ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದೂ ಇಲ್ಲ. ಒಂದೇ ಗೊಂಚಲಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಕಾಫಿ) ಮಾಡುವುದಾದರೆ ಕೆಂಪನ್ನಷ್ಟೇ ಬೆರಳಲ್ಲಿ ಬಿಡಿಸಿ, ಅದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಹಸಿರು ಸೇರಿದರೆ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್‌ನಲ್ಲಿ ಸಿಪ್ಪೆ ಬಿಡದು, ಕಾಫಿ ಒಗರಾಗುತ್ತದೆ. ತಡವಾದರೆ ಹಣ್ಣು ಉದುರಿ, ನೆಲಕ್ಕೆ ಬಿದ್ದದ್ದರಲ್ಲಿ ಕಾಯಿಕೊರಕ ಹುಳು ಉಳಿದುಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ಬ್ರೆಜಿಲ್‌ನ ಬಯಲು ತೋಟದಲ್ಲಿ ಓಡುವ ದೊಡ್ಡ ಕೊಯ್ಲು ಮೆಷಿನ್ ನಮ್ಮ ಇಳಿಜಾರಿನಲ್ಲಿ, ನೆರಳು ಮರ ಮತ್ತು ಮೆಣಸಿನ ಬಳ್ಳಿಯ ನಡುವೆ ಓಡದು.

ಇನ್ನು ದೂರ. ಇಲ್ಲಿ ಊರೆಂದರೆ ಒತ್ತೊತ್ತಾಗಿ ಮನೆಯಿರುವ ಬೀದಿಯಲ್ಲ, ತೋಟ ಗದ್ದೆಗಳ ನಡುವೆ ಚದುರಿದ ಮನೆಗಳು. ಎಷ್ಟೋ ಕಡೆ ತೋಟದ ಗೇಟಿಗೆ ಬಸ್ಸಿಲ್ಲ. ಪಿರಿಯಾಪಟ್ಟಣ, ಹುಣಸೂರು ಕಡೆಯವರು ಹೊಗೆಸೊಪ್ಪಿನ ಕೆಲಸ ಮುಗಿಸಿಕೊಂಡು ಜೀಪಿನಲ್ಲಿ ತುಂಬಿ ಬರುತ್ತಾರೆ. ಕೆಜಿ ಲೆಕ್ಕದ ಕೂಲಿಯಲ್ಲಿ ಜೀಪಿನಲ್ಲಿ ಕಳೆದ ಹೊತ್ತಿಗೆ ದುಡ್ಡಿಲ್ಲ. ಫಸಲು ತೆಳುವಾದ ತೋಟದಲ್ಲಿ ಗಿಡದಿಂದ ಗಿಡಕ್ಕೆ ಅಲೆದೇ ದಿನ ಹೋಗುತ್ತದೆ, ಆ ನಷ್ಟವೂ ಕೊಯ್ಯುವವರದೇ. ಸಂಜೆ ಚೀಲ ತಕ್ಕಡಿಗೆ ಏರಿದಾಗ ಮುಳ್ಳು ಅವರಿಗೂ ಕಾಣಬೇಕು, ಚೀಲಕ್ಕೆ, ಕಸಕ್ಕೆ ಎಷ್ಟು ಕಳೆದಿರಿ ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಇಷ್ಟು ಮಾಡದ ತೋಟಕ್ಕೆ ಮರುದಿನ ಯಾರು ಬರುತ್ತಾರೆ?

ನೀವು ನಿಜವಾಗಿ ಕೇಳಬೇಕಾದ್ದು ಬೇರೆ: ಇಲ್ಲೇ ಹುಟ್ಟಿ ಬೆಳೆದು ಈ ತೋಟಗಳಲ್ಲೇ ದುಡಿದ ಯರವರು, ಜೇನುಕುರುಬರಂಥ ಆದಿವಾಸಿಗಳು ಇನ್ನೂ ಯಾಕೆ ಲೈನ್ ಮನೆಯಲ್ಲಿ, ಅಂದರೆ ತೋಟದವರು ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಯಲ್ಲಿ ಇದ್ದಾರೆ? ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬಿಟ್ಟರೆ ಸೂರು ಹೋಯಿತು. ಪಕ್ಕದ ತೋಟದಲ್ಲಿ ಹತ್ತು ರೂಪಾಯಿ ಹೆಚ್ಚು ಸಿಕ್ಕರೂ ಹೋಗುವ ಹಾಗಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ಮನೆ ಕೊಡಬೇಕೆಂದಿತು, ನಿಜ. ಆದರೆ 1981ರ ತಿದ್ದುಪಡಿಯ ನಂತರವೂ ಅದು ತಾನಾಗಿ ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್ ಜಾಗ, 15 ಕಾರ್ಮಿಕರು ಎರಡೂ ಇದ್ದ ತೋಟಕ್ಕೆ. ನಮ್ಮಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕ ಹಿಡುವಳಿಗಳು.

2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಕೆಡವಿದ್ದರಿಂದ ಗುಡಿಸಲು ಕಳೆದುಕೊಂಡ ಆದಿವಾಸಿಗಳಲ್ಲಿ ಬಹಳ ಜನ ಲೈನ್ ಮನೆ ಬಿಟ್ಟು ಬಂದವರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆಗಳಾದವು, ಆದರೆ ಅವೆರಡೂ ಕುಶಾಲನಗರದ ಕಡೆ. ಮನೆ ಆಯಿತು, ದಿನಾ ನಡೆದು ಹೋಗುತ್ತಿದ್ದ ತೋಟ ದೂರವಾಯಿತು. ಅದರ ಬದಲು ತೋಟಗಳ ನಡುವಿನ ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪದ ಬಸ್ ರಸ್ತೆಯ ಪಕ್ಕದಲ್ಲೇ ಸೈಟು, ಹೆಂಗಸರ ಹೆಸರಿಗೆ ಹಕ್ಕುಪತ್ರ ಕೊಟ್ಟರೆ ನಾಲ್ಕಾರು ತೋಟಕ್ಕೆ ಅಲ್ಲಿಂದಲೇ ಹೋಗಬಹುದು, ಮಕ್ಕಳಿಗೆ ಶಾಲೆಯೂ ತಪ್ಪದು.

"ಸೈಟು ಕೊಟ್ಟರೆ ನಮ್ಮ ತೋಟ ಬಿಡ್ತಾರೆ" ಅನ್ನುತ್ತೀರಿ. ಬಿಡಲಿ. ಬಿಡುವ ಹಕ್ಕು ನಿಮ್ಮ ಮಕ್ಕಳಿಗೆ ಇದೆಯಲ್ಲ, ಬೆಂಗಳೂರಿಗೆ ಹೋಗಲಿಲ್ಲವೇ? ಮುಂದಿನ ಸಲ ಈ ಪ್ರಶ್ನೆ ಕೇಳಲು ಫೋನ್ ಮಾಡುವ ಮೊದಲು, ನಿಮ್ಮ ಲೈನಿನಲ್ಲಿ ಇರುವವರ ರೇಷನ್ ಕಾರ್ಡಿನಲ್ಲಿ ಯಾವ ವಿಳಾಸ ಇದೆ ನೋಡಿ. ವಿಳಾಸದ ಕಾಗದಕ್ಕೆ ಅವರು ನಿಮ್ಮ ಸಹಿ ಕೇಳಿಕೊಂಡು ಬಂದಿದ್ದರೆ, ಹಾಕಿಕೊಟ್ಟು ಆಮೇಲೆ ಮಾತಾಡಿ.