ಟೈಪಿಸ್ಟ್ ದೊಡ್ಡಮ್ಮ ನೋಡಿದ ‘ಮ್ಯಾಡ್ ಮೆನ್’

‘ಮ್ಯಾಡ್ ಮೆನ್’ ಎಂಬ ಇಂಗ್ಲಿಷ್ ಟಿವಿ ಧಾರಾವಾಹಿಯ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತ ಅನ್ನೋದು ಯಾವತ್ತೂ ಇರಲಿಲ್ಲ. ನಮ್ಮ ಯಜಮಾನರಿಗೆ ಅದು ಜಾಹೀರಾತು ತಯಾರಿಸುವ ಡಾನ್ ಡ್ರೇಪರ್‌ನ ಕಥೆ. ಮೊದಲ ಸೀಸನ್ನಿನ ಕೊನೆಯಲ್ಲಿ ಡಾನ್ ಕೊಡಾಕ್ ಕಂಪನಿಯವರ ಮುಂದೆ ತನ್ನ ಸಂಸಾರದ ಫೋಟೋಗಳನ್ನೇ ಸ್ಲೈಡ್ ಪ್ರೊಜೆಕ್ಟರಿಗೆ ಹಾಕಿ ತೋರಿಸುತ್ತ, ಆ ಯಂತ್ರಕ್ಕೆ ‘ಕ್ಯಾರೊಸೆಲ್’ ಎಂಬ ಹೆಸರು ಸೂಚಿಸುತ್ತಾನಲ್ಲ, ಆ ದೃಶ್ಯ ಬಂದರೆ ಅವರು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಮಗಳಿಗೆ ಅದು ಡಾನ್‌ನ ಸೆಕ್ರೆಟರಿಯಾಗಿ ಸೇರಿ, ತಾನೇ ಜಾಹೀರಾತು ಬರೆಯುವವಳಾಗುವ ಪೆಗ್ಗಿ ಓಲ್ಸನ್‌ಳ ಕಥೆ. ಮಿಕ್ಕವರೆಲ್ಲ ಅವಳ ಪಾಲಿಗೆ ಹಗಲೇ ವಿಸ್ಕಿ ಸುರಿದುಕೊಂಡು ಹೆಂಡತಿಗೆ ಸುಳ್ಳು ಹೇಳುವ ಗಂಡಸರು. ನನ್ನ ತಮ್ಮ ಶುರುವಿನಲ್ಲೇ ಕೈಬಿಟ್ಟ. “ಏನೂ ಆಗೋದೇ ಇಲ್ಲ ಕಣಕ್ಕ, ಬರೀ ಕೂತ್ಕೊಂಡು ಹೊಗೆ ಬಿಡ್ತಾರೆ” ಅಂತ.

ತಮ್ಮ ಹೇಳಿದ್ದನ್ನು ಬೇರೆ ಬಹಳ ಜನರ ಬಾಯಲ್ಲೂ ಕೇಳಿದ್ದೇನೆ. ಮ್ಯಾಥ್ಯೂ ವೈನರ್ ಸೃಷ್ಟಿಸಿದ ಈ ಧಾರಾವಾಹಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ 2007ರ ಜುಲೈಯಿಂದ 2015ರ ಮೇವರೆಗೆ ಬಂತು. ಒಟ್ಟು 92 ಎಪಿಸೋಡು. ಅತ್ಯುತ್ತಮ ಡ್ರಾಮಾ ಎಂಬ ಎಮ್ಮಿ ಪ್ರಶಸ್ತಿ ಸತತ ನಾಲ್ಕು ವರ್ಷ ಇದಕ್ಕೇ ಸಿಕ್ಕಿತು. ಕಥೆ 1960ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದ ‘ಸ್ಟರ್ಲಿಂಗ್ ಕೂಪರ್’ ಎಂಬ ಕಾಲ್ಪನಿಕ ಜಾಹೀರಾತು ಏಜೆನ್ಸಿಯಲ್ಲಿ ಶುರುವಾಗಿ 1970ರ ಕೊನೆಗೆ ಬಂದು ನಿಲ್ಲುತ್ತದೆ. ನಿಧಾನ ಹೌದು. ಆದರೆ ಒಂದು ಆಫೀಸು ಒಬ್ಬ ಮನುಷ್ಯನನ್ನು ಹತ್ತು ವರ್ಷದಲ್ಲಿ ಏನು ಮಾಡಿಬಿಡುತ್ತದೆ ಅನ್ನುವುದನ್ನು ಅವಸರದಲ್ಲಿ ತೋರಿಸಲಾಗದು.

ಕಳೆದ ಮಳೆಗಾಲದ ಒಂದು ಭಾನುವಾರ ದೊಡ್ಡಮ್ಮ ನಮ್ಮ ಮನೆಯಲ್ಲಿದ್ದರು. ಅಮ್ಮನ ಅಕ್ಕ. ಸೀನಿಯರ್ ಟೈಪಿಂಗು, ಶಾರ್ಟ್‌ಹ್ಯಾಂಡು ಪಾಸು ಮಾಡಿಕೊಂಡು ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸೇರಿದವರು, ರಿಟೈರ್ ಆಗುವವರೆಗೂ ಅಲ್ಲೇ ಇದ್ದವರು. ಹೊರಗೆ ಹೋಗುವಂತಿರಲಿಲ್ಲ. ಮಗಳು ಟಿವಿ ಹಾಕಿದಳು. “ಅಜ್ಜಿ, ನಿಮ್ಮ ಕಾಲದ ಆಫೀಸು ತೋರಿಸ್ತೀನಿ ಬನ್ನಿ” ಅಂದಳು. ನನಗೆ ಒಳಗೊಳಗೇ ಅಳುಕು. ಮೊದಲ ಎಪಿಸೋಡಿನಲ್ಲಿ ಹಿರಿಯರ ಜೊತೆ ಕೂತು ನೋಡಲು ಮುಜುಗರವಾಗುವಂಥವು ಇವೆ. ರಿಮೋಟು ನನ್ನ ಕೈಯಲ್ಲೇ ಇಟ್ಟುಕೊಂಡೆ. ಎರಡು ಸಲ ನಾನು ಮುಂದೆ ಓಡಿಸಿದ ಮೇಲೆ ದೊಡ್ಡಮ್ಮನೇ ಹೇಳಿದರು: “ಇರಲಿ ಬಿಡೇ. ಮೂವತ್ತು ವರ್ಷ ಆಫೀಸಲ್ಲಿದ್ದೋಳಿಗೆ ಗೊತ್ತಿಲ್ಲದ್ದು ಏನಿದೆ ಅದರಲ್ಲಿ?”

ಇಂಗ್ಲಿಷು ಅವರಿಗೆ ತೊಡಕಲ್ಲ, ಜೀವಮಾನವಿಡೀ ಟೈಪ್ ಮಾಡಿದ ಭಾಷೆ. ಉಚ್ಚಾರ ಕಿವಿಗೆ ಸಿಗದಿದ್ದಾಗ ಸಬ್‌ಟೈಟಲ್ ಓದುತ್ತಿದ್ದರು. ಹೊಸದಾಗಿ ಸೇರಿದ ಪೆಗ್ಗಿಗೆ ಆಫೀಸಿನ ಹುಡುಗಿಯರ ಮೇಲ್ವಿಚಾರಕಿ ಜೋನ್ ಅವಳ ಮೇಜು ತೋರಿಸುವ ದೃಶ್ಯ ಬಂತು. ಟೈಪ್‌ರೈಟರಿನ ಮೇಲಿನ ಹೊದಿಕೆ ತೆಗೆದು, ಇದನ್ನು ಕಂಡು ಗಾಬರಿಯಾಗಬೇಡ, ಹೆಂಗಸರಿಗೂ ಬಳಸೋಕೆ ಬರೋ ಹಾಗೆ ಗಂಡಸರು ಸುಲಭ ಮಾಡಿಟ್ಟಿದ್ದಾರೆ ಅನ್ನುವ ಅರ್ಥದಲ್ಲಿ ಜೋನ್ ಹೇಳುತ್ತಾಳೆ. ಮಗಳು ಸಿಟ್ಟಿನಿಂದ “ಕೇಳಿಸ್ಕೊಂಡ್ರಾ ಅಜ್ಜಿ?” ಅಂದಳು. ದೊಡ್ಡಮ್ಮ ಆ ಮಾತಿನ ಕಡೆ ಗಮನವನ್ನೇ ಕೊಟ್ಟಿರಲಿಲ್ಲ.

“ಅದೇನೇ ಅದು, ಗಾಡಿ ಓಡ್ತಾನೇ ಇಲ್ಲವಲ್ಲ!”

ಗಾಡಿ ಅಂದರೆ ಕಾಗದ ಹಿಡಿದುಕೊಂಡು ಎಡಕ್ಕೆ ಸರಿಯುವ ಮೇಲಿನ ಭಾಗ. ಅವರು ಕೆಲಸ ಮಾಡಿದ ಮೆಷಿನ್ನಿನಲ್ಲಿ ಒಂದೊಂದು ಅಕ್ಷರಕ್ಕೂ ಆ ಗಾಡಿ ಒಂದು ಹಲ್ಲು ಸರಿಯುತ್ತಿತ್ತು, ಸಾಲು ಮುಗಿಯುವ ಮುಂಚೆ ಗಂಟೆ ಹೊಡೆಯುತ್ತಿತ್ತು, ಎಡಗೈಯಲ್ಲಿ ಲಿವರ್ ಎಳೆದು ಗಾಡಿಯನ್ನು ವಾಪಸು ತಳ್ಳಬೇಕಿತ್ತು. ಪೆಗ್ಗಿಯ ಮೇಜಿನ ಮೇಲಿದ್ದದ್ದು ಐಬಿಎಂ ಸೆಲೆಕ್ಟ್ರಿಕ್. ಅದರಲ್ಲಿ ಕಾಗದ ಇದ್ದಲ್ಲೇ ಇರುತ್ತದೆ, ಅಕ್ಷರಗಳನ್ನು ಹೊತ್ತ ಪುಟ್ಟ ಗುಂಡೊಂದು ತಿರುಗುತ್ತ, ಬಾಗುತ್ತ ಸಾಲಿನುದ್ದಕ್ಕೂ ಓಡುತ್ತದೆ. ಈ ಧಾರಾವಾಹಿಯ ಹುಚ್ಚು ಹಿಡಿದ ನೋಡುಗರು ಬಹಳ ಹಿಂದೆಯೇ ಪತ್ತೆಹಚ್ಚಿದ ತಪ್ಪೂ ಇದೇ: ಸೆಲೆಕ್ಟ್ರಿಕ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ, ಪೆಗ್ಗಿ ಕೆಲಸಕ್ಕೆ ಸೇರುವುದು ಅದಕ್ಕೂ ಮುಂಚೆ. ಲೋಟ, ಲೈಟರು, ಕಾಲರಿನ ಅಗಲದವರೆಗೆ ಅಷ್ಟು ಕಟ್ಟುನಿಟ್ಟಾಗಿ ಆ ಕಾಲವನ್ನು ಕಟ್ಟಿದವರು ಇಲ್ಲಿ ಮಾತ್ರ ಒಂದು ವರ್ಷ ಮುಂದೆ ಹೋಗಿದ್ದಾರೆ. ದೊಡ್ಡಮ್ಮನಿಗೆ ಆ ಇಸವಿ ಗೊತ್ತಿರಲಿಲ್ಲ, ಆದರೆ ಅವರ ಕಣ್ಣು ಹೋದದ್ದು ನೇರವಾಗಿ ಅಲ್ಲಿಗೇ.

ಡಾನ್ ಬಗ್ಗೆ ಅವರಿಗೆ ಅಂಥ ಕುತೂಹಲವೇನೂ ಹುಟ್ಟಲಿಲ್ಲ. “ಸಾಹೇಬ್ರು ಹೀಗೇ ಇರ್ತಿದ್ರು” ಅಂದು ಸುಮ್ಮನಾದರು. ಅವರು ಕೇಳಿದ್ದು ಬೇರೆಯವರನ್ನು. ಧಾರಾವಾಹಿಯ ಮೊಟ್ಟಮೊದಲ ದೃಶ್ಯದಲ್ಲಿ ಡಾನ್ ಬಾರಿನಲ್ಲಿ ಕೂತು, ಅಲ್ಲಿ ಕೆಲಸಕ್ಕಿರುವ ಕರಿಯ ನೌಕರನೊಬ್ಬನನ್ನು ಯಾವ ಸಿಗರೇಟು ಸೇದುತ್ತೀಯ, ಯಾಕೆ ಅಂತ ಮಾತಾಡಿಸುತ್ತಾನೆ. ತಕ್ಷಣ ಬಿಳಿಯ ಮೇಲಿನವನೊಬ್ಬ ಓಡಿಬಂದು, ಇವನು ನಿಮಗೆ ತೊಂದರೆ ಕೊಡ್ತಿದ್ದಾನಾ ಅಂತ ಕೇಳುತ್ತಾನೆ. ಎಪಿಸೋಡ್ ಮುಗಿದ ಮೇಲೆ ದೊಡ್ಡಮ್ಮ, “ಆ ಮನುಷ್ಯ ಮತ್ತೆ ಬರ್ತಾನಾ?” ಅಂದರು. ಬರುವುದಿಲ್ಲ. ಕರಿಯರ ಬಗ್ಗೆ ಈ ಧಾರಾವಾಹಿ ಹೇಳಬೇಕಾದಷ್ಟು ಹೇಳಲಿಲ್ಲ ಎಂಬ ದೂರು ಅಮೆರಿಕದ ನೋಡುಗರಲ್ಲೇ ಇದೆ, ಆ ದೂರು ಸರಿಯಾದದ್ದೇ ಅಂತ ನನಗೂ ಅನಿಸುತ್ತದೆ. ಲಿಫ್ಟಿನ ಹಾಲಿಸ್, ಡ್ರೇಪರ್ ಮನೆಗೆಲಸದ ಕಾರ್ಲಾ ಬಾಗಿಲಲ್ಲೇ ನಿಂತುಬಿಡುತ್ತಾರೆ. ಆಫೀಸಿನಲ್ಲಿ ಡಾನ್ (Dawn, ನಾಯಕನ ಹೆಸರಿನಂತೆಯೇ ಕೇಳಿಸುವ ಬೇರೆ ಹೆಸರು) ಎಂಬ ಕರಿಯ ಸೆಕ್ರೆಟರಿ ಹುಡುಗಿ ಕಾಣಿಸಿಕೊಳ್ಳುವುದೇ ಐದನೇ ಸೀಸನ್ನಿನಲ್ಲಿ.

ಊಟವಾದ ಮೇಲೆ ಮಗಳು ಕೇಳಿದಳು, ಮುಂದಿನದು ಹಾಕಲಾ ಅಂತ. ನಾನೇ ಬೇಡ ಅಂದೆ. ದೊಡ್ಡಮ್ಮನಿಗೆ ತೋರಿಸಲೇಬೇಕು ಅಂತ ನನ್ನ ಮನಸ್ಸಿನಲ್ಲಿ ಇದ್ದದ್ದು ಎರಡನೇ ಸೀಸನ್ನಿನ ಎಂಟನೇ ಎಪಿಸೋಡು, ಅದನ್ನೇ ಹಾಕಿಸಿದೆ. ವಾಷಿಂಗ್ ಮೆಷಿನ್ನಿನ ಜಾಹೀರಾತೊಂದು ಹೊಂದದ ಕಾರ್ಯಕ್ರಮದ ನಡುವೆ ಬಂದು ಕ್ಲೈಂಟು ಕೆರಳುತ್ತಾನೆ. ಟಿವಿ ವಿಭಾಗದ ಹ್ಯಾರಿ ಕ್ರೇನ್‌ಗೆ ಇನ್ನು ಸ್ಕ್ರಿಪ್ಟುಗಳನ್ನೆಲ್ಲ ಮುಂಚೆಯೇ ಓದುವವರು ಬೇಕು. ಜೋನ್ ಅದನ್ನು ಕೈಗೆತ್ತಿಕೊಳ್ಳುತ್ತಾಳೆ. ಮನೆಗೂ ಒಯ್ದು ಓದುತ್ತಾಳೆ. ಮದುವೆಯಾಗಲಿರುವ ಡಾಕ್ಟರಿಗೆ ಅವಳ ಆ ಆಸಕ್ತಿ ಅರ್ಥವೇ ಆಗುವುದಿಲ್ಲ. ಮೀಟಿಂಗಿನಲ್ಲಿ ಮುಂದೆ ಬರಲಿರುವ ಕಥೆಯನ್ನು ಅವಳು ಹೇಳುವ ರೀತಿಗೇ ಕ್ಲೈಂಟುಗಳು ಟಿವಿಯಲ್ಲಿ ಜಾಹೀರಾತಿನ ಸಮಯ ಕೊಂಡುಕೊಳ್ಳುತ್ತಾರೆ. ಅಷ್ಟರಲ್ಲಿ ಹ್ಯಾರಿ ಒಬ್ಬ ಹುಡುಗನನ್ನು ಕರೆತಂದು, ಇನ್ನುಮೇಲೆ ಈ ಕೆಲಸ ಇವನದು, ನೀನು ಸ್ವಲ್ಪ ಹೇಳಿಕೊಡು ಅನ್ನುತ್ತಾನೆ. ಕೆಟ್ಟ ಉದ್ದೇಶವೇನಿಲ್ಲ ಅವನಿಗೆ. ಅವಳಿಗೂ ಆ ಕೆಲಸ ಬೇಕಿರಬಹುದು ಅನ್ನುವುದು ಅವನ ತಲೆಗೇ ಹೊಳೆದಿಲ್ಲ, ಅಷ್ಟೆ.

ಜೋನ್ ಪಾತ್ರದ ಕ್ರಿಸ್ಟಿನಾ ಹೆಂಡ್ರಿಕ್ಸ್ ಆ ಕ್ಷಣದಲ್ಲಿ ನಗುತ್ತಾಳೆ. ನಗು ಒಂದು ಚೂರು ತಡವಾಗಿ ಬರುತ್ತದೆ. ಆಮೇಲೆ ಮನೆಯಲ್ಲಿ, ಬಟ್ಟೆ ಬದಲಿಸುವಾಗ, ಭುಜದ ಮೇಲೆ ಒಳಉಡುಪಿನ ಪಟ್ಟಿ ಒತ್ತಿ ಮೂಡಿಸಿದ ಕೆಂಪು ಗೆರೆಯನ್ನು ಬೆರಳಿನಿಂದ ಉಜ್ಜಿಕೊಳ್ಳುತ್ತಾಳೆ. ಒಂದು ಮಾತಿಲ್ಲ.

ಮಗಳಿಗೆ ತಡೆಯಲಾಗಲಿಲ್ಲ. “ಇವಳು ಬಾಯಿ ಬಿಟ್ಟು ಕೇಳಬೇಕಿತ್ತು. ಪೆಗ್ಗಿ ಆಗಿದ್ರೆ ಕೇಳ್ತಿದ್ಲು.”

“ಕೇಳಿದ್ರೆ ಕೊಡ್ತಿದ್ರಾ?” ಅಂದರು ದೊಡ್ಡಮ್ಮ.

ಮಗಳ ಮಾತೂ ಸುಳ್ಳಲ್ಲ. 1963ರಲ್ಲಿ ಅಮೆರಿಕದಲ್ಲಿ ಸಮಾನ ವೇತನದ ಕಾಯಿದೆ ಬಂದಾಗ ಪೆಗ್ಗಿ ಅದೇ ಮಾತೆತ್ತಿ ಡಾನ್ ಡ್ರೇಪರ್‌ನ ಹತ್ತಿರ ಸಂಬಳ ಜಾಸ್ತಿ ಕೇಳುತ್ತಾಳೆ, ಮೂರನೇ ಸೀಸನ್ನಿನಲ್ಲಿ. ಅವನು, ಈಗ ಸಮಯ ಸರಿಯಿಲ್ಲ ಅನ್ನುತ್ತಾನೆ. ನಮ್ಮ ದೇಶಕ್ಕೆ ಅಂಥ ಕಾಯಿದೆ ಬಂದದ್ದು 1976ರಲ್ಲಿ. ದೊಡ್ಡಮ್ಮ ಆಗ ಕೆಲಸದಲ್ಲಿದ್ದರು. ಟೈಪಿಸ್ಟುಗಳಿಗೆಲ್ಲ ಒಂದೇ ಸಂಬಳ, ಆ ಬಗ್ಗೆ ಅವರಿಗೆ ದೂರಿಲ್ಲ. ದೂರು ಇದ್ದದ್ದು ಬೇರೆ ಕಡೆ. ಅದನ್ನು ಅವರು ನಮಗೆ ಹೇಳಿದ್ದೇ ಆವತ್ತು, ಕಾಫಿ ಲೋಟ ಹಿಡಿದುಕೊಂಡು, ಟಿವಿಯ ಕಡೆಯೇ ನೋಡುತ್ತ.

ಅವರ ಸಾಹೇಬರು ಆಪರೇಷನ್ ಆಗಿ ಬಹಳ ದಿನ ರಜೆಯಲ್ಲಿದ್ದರಂತೆ. ಹೊರಗಿನ ಊರುಗಳ ಪತ್ರವ್ಯವಹಾರವನ್ನೆಲ್ಲ ದೊಡ್ಡಮ್ಮನೇ ನೋಡಿಕೊಂಡರು. ಡ್ರಾಫ್ಟು ಅವರದೇ, ಫೇರ್ ಕಾಪಿ ಅವರದೇ, ಯಾವ ಪಾರ್ಟಿಗೆ ಎಷ್ಟು ಬಿಗಿಯಾಗಿ ಬರೆಯಬೇಕು ಅನ್ನುವುದೂ ಅವರದೇ. ಸಹಿಗೆ ಮಾತ್ರ ಮೇಲೆ ಕಳಿಸುತ್ತಿದ್ದರು. ಆಮೇಲೆ ಆ ಕೆಲಸಕ್ಕೇ ಅಂತ ಒಂದು ಅಸಿಸ್ಟೆಂಟ್ ಹುದ್ದೆ ಮಾಡಿದರು. ಬಿ.ಕಾಂ. ಮುಗಿಸಿದ ಹುಡುಗನೊಬ್ಬ ಬಂದ. ಅವನಿಗೆ ಫೈಲು ತೋರಿಸಿ, ಕಾಗದ ಬರೆಯೋದು ಹೇಳಿಕೊಟ್ಟವರು ಇವರು. ಮುಂದೆ ಇವರ ರಜೆ ಅರ್ಜಿಗೆ ಸಹಿ ಹಾಕುವವನು ಅವನೇ ಆದ.

“ಒಳ್ಳೇ ಹುಡುಗ” ಅಂದರು. “ಅವನದ್ದೇನೂ ತಪ್ಪಿರಲಿಲ್ಲ.”

ಮಗಳು ಸುಮ್ಮನಾಗಿಬಿಟ್ಟಳು. ನಾನು ಏನೋ ಸಮಾಧಾನ ಹೇಳಲು ಹೋದೆ. ದೊಡ್ಡಮ್ಮ ಅದನ್ನು ಪಕ್ಕಕ್ಕಿಟ್ಟು, ಇನ್ನೊಂದು ಹಾಕು ಅಂದರು.

ಹಾಕಿದ್ದು ‘ದಿ ಸೂಟ್‌ಕೇಸ್’, ನಾಲ್ಕನೇ ಸೀಸನ್ನಿನ ಏಳನೇ ಎಪಿಸೋಡು. ನೋಡಿದವರಲ್ಲಿ ಬಹಳ ಮಂದಿ ಇಡೀ ಧಾರಾವಾಹಿಗೇ ಕಲಶ ಅನ್ನುವುದು ಇದನ್ನೇ. 1965ರ ಮೇ ತಿಂಗಳು, ಬಾಕ್ಸರುಗಳಾದ ಮಹಮ್ಮದ್ ಅಲಿ ಮತ್ತು ಲಿಸ್ಟನ್ ಎರಡನೇ ಸಲ ಕಾದಾಡುವ ರಾತ್ರಿ. ಪೆಗ್ಗಿಯ ಹುಟ್ಟುಹಬ್ಬ. ಹೋಟೆಲಿನಲ್ಲಿ ಮನೆಯವರೆಲ್ಲ ಕಾಯುತ್ತಿದ್ದರೂ ಡಾನ್ ಡ್ರೇಪರ್ ಅವಳನ್ನು ಸ್ಯಾಮ್ಸೊನೈಟ್ ಸೂಟ್‌ಕೇಸಿನ ಜಾಹೀರಾತಿನ ಕೆಲಸಕ್ಕೆ ಹಿಡಿದಿಟ್ಟುಕೊಳ್ಳುತ್ತಾನೆ. ತನ್ನ ಯೋಚನೆಯಿಂದ ಹುಟ್ಟಿದ ಜಾಹೀರಾತಿಗೆ ಪ್ರಶಸ್ತಿ ಅವನಿಗೆ ಹೋಯಿತು ಅನ್ನುವ ಸಂಕಟ ಅವಳದು. ಒಂದು ಸಲವೂ ನೀವು ಥ್ಯಾಂಕ್ಸ್ ಹೇಳಲಿಲ್ಲ ಅನ್ನುತ್ತಾಳೆ. ಸಂಬಳ ಕೊಡೋದು ಅದಕ್ಕೇ ಅಂತ ಅವನು ಕಿರುಚುತ್ತಾನೆ.

ಡಾನ್ ಆಗಿ ಜಾನ್ ಹ್ಯಾಮ್, ಪೆಗ್ಗಿಯಾಗಿ ಎಲಿಸಬೆತ್ ಮಾಸ್ ಇಬ್ಬರೇ ಹೆಚ್ಚೂಕಡಿಮೆ ಇಡೀ ಎಪಿಸೋಡನ್ನು ಹೊರುತ್ತಾರೆ. ಡಾನ್‌ನ ಮಾತು ಸರಿ, ಕಂಪನಿ ಅಂದರೆ ಹಾಗೇ ಅನ್ನುವ ನೋಡುಗರೂ ಇದ್ದಾರೆ. ನಮ್ಮ ಯಜಮಾನರೂ ಅದೇ ಗುಂಪು. ನಾನು ಒಪ್ಪುವುದಿಲ್ಲ. ಸಂಬಳ ಕೆಲಸಕ್ಕೆ ಸಿಗುವ ಬೆಲೆ. ಅದು ತನ್ನ ಕೆಲಸ ಎಂದು ಹೇಳಿಕೊಳ್ಳುವ ಹಕ್ಕನ್ನು ಯಾರೂ ಸಂಬಳ ಕೊಟ್ಟು ಕೊಂಡಿರುವುದಿಲ್ಲ. ನಾನೂ ಆಫೀಸಿಗೆ ಹೋಗುವವಳು, ನನ್ನ ಸ್ಲೈಡುಗಳು ಬೇರೆಯವರ ಹೆಸರಿನಲ್ಲಿ ಮೇಲೆ ಹೋದದ್ದನ್ನು ಕಂಡವಳು.

ದೊಡ್ಡಮ್ಮ ಈ ವಾದಕ್ಕೆ ಸೇರಲಿಲ್ಲ. ಒಂದು ಹಾಳೆ ಕೊಡು ಅಂದರು. ಹಳೆಯ ಕಾಗದಗಳು ಹೇಗಿರುತ್ತಿದ್ದವು ಅಂತ ಮೊಮ್ಮಗಳಿಗೆ ಬರೆದು ತೋರಿಸಿದರು. ಮೇಲೆ ರೆಫರೆನ್ಸ್ ನಂಬರು, ತಾರೀಖು. ಬಲಗಡೆ ಕೆಳಗೆ ಸಾಹೇಬರ ಸಹಿ, ಅದರಡಿ ಹೆಸರು, ಹುದ್ದೆ. ಎಡಗಡೆ ತೀರಾ ಕೆಳಗೆ ಸಾಹೇಬರ ಇನಿಷಿಯಲ್ಲು ದೊಡ್ಡಕ್ಷರದಲ್ಲಿ, ಒಂದು ಓರೆಗೆರೆ, ಪಕ್ಕದಲ್ಲಿ ಟೈಪಿಸ್ಟಿನ ಇನಿಷಿಯಲ್ಲು ಸಣ್ಣಕ್ಷರದಲ್ಲಿ. ಯಾರು ಟೈಪ್ ಮಾಡಿದ್ದು ಅಂತ ತಪ್ಪು ಬಂದಾಗ ಹಿಡಿಯೋಕೆ. “ಡ್ರಾಫ್ಟ್ ನಂದೇ ಆದ್ರೂ ನಾನು ಇರ್ತಿದ್ದದ್ದು ಇಲ್ಲೇ” ಅಂತ ಪೆನ್ನಿನ ತುದಿಯಿಂದ ಆ ಎರಡು ಸಣ್ಣ ಅಕ್ಷರ ಮುಟ್ಟಿ ತೋರಿಸಿದರು.

ಸಂಜೆ ಹೊರಡುವ ಮುಂಚೆ ಅವರು ವಿಚಾರಿಸಿದ್ದು ಜೋನ್‌ಳ ಬಗ್ಗೆ. “ಕೊನೆಗೆ ಅವಳಿಗೆ ಏನಾಗತ್ತೆ?” ನಡುವೆ ಅವಳು ಪಾರ್ಟ್ನರ್ ಆಗುತ್ತಾಳೆ, ಆದರೆ ಅದಕ್ಕಾಗಿ ಅವಳ ಕೈಲಿ ಎಂಥ ಬೆಲೆ ಕಟ್ಟಿಸಿದರು ಅನ್ನುವುದನ್ನು ನಾನು ಹೇಳಲಿಲ್ಲ, ಅದು ಅವರೇ ನೋಡಬೇಕಾದದ್ದು. ಕೊನೆಯದನ್ನು ಹೇಳಿದೆ. ಜೋನ್ ತನ್ನ ಮನೆಯಲ್ಲೇ ಸ್ವಂತ ಪ್ರೊಡಕ್ಷನ್ ಕಂಪನಿ ತೆರೆಯುತ್ತಾಳೆ. ಕಂಪನಿ ಅಂದರೆ ಎರಡು ಹೆಸರಿದ್ದರೇ ಗತ್ತು ಅಂತ ಪೆಗ್ಗಿಯನ್ನು ಜೊತೆಗೆ ಕರೆಯುತ್ತಾಳೆ. ಪೆಗ್ಗಿ ಬರುವುದಿಲ್ಲ. ಆಗ ತನ್ನ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಸೇರಿಸಿ ‘ಹಾಲೋವೇ ಹ್ಯಾರಿಸ್’ ಅಂತ ಇಟ್ಟುಬಿಡುತ್ತಾಳೆ.

“ಎರಡೂ ಅವಳದೇ?” ದೊಡ್ಡಮ್ಮನ ಮುಖ ಅರಳಿತು. “ಹಾಗಾದ್ರೆ ಅದನ್ನೇ ಹಾಕು ಈಗ.”

“ಅಜ್ಜಿ, ಕೊನೇದು ಮೊದಲೇ ನೋಡಿದ್ರೆ ಮಜಾ ಏನಿರತ್ತೆ? ವರಸೆಯಾಗಿ ನೋಡಬೇಕು” ಅಂತ ಮಗಳು ರಿಮೋಟು ಹಿಂದಕ್ಕೆ ಎಳೆದುಕೊಂಡಳು. ಆಟೋ ಬಂದು ಗೇಟಿನ ಹತ್ತಿರ ಹಾರನ್ ಹೊಡೆಯುತ್ತಿತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ. ನಾನೇ ಹೊರಗೆ ಹೋಗಿ ಆಟೋದವನಿಗೆ ಇನ್ನೊಂದು ಗಂಟೆ ಬಿಟ್ಟು ಬಾರಪ್ಪ ಅಂತ ಹೇಳಿ ಕಳಿಸಿದೆ.